ಅನುಭವದವರು

ಮಗಳ ಶರ್ಟನ್ನು ನೀರಿಗೆ ಹಾಕುವ ಮೊದಲು ಜೇಬು ನೋಡುವುದು ಅವಳ ಅಭ್ಯಾಸ. ಹಿಂದೊಮ್ಮೆ ಬಸ್ ಪಾಸು ಸೋಪಿನ ನೀರಿನಲ್ಲಿ ಮುದ್ದೆಯಾಗಿ, ಅದರ ಸಿಟ್ಟಿಗೆ ಅಮ್ಮ ಮಗಳ ನಡುವೆ ಎರಡು ದಿನ ಮಾತೇ ನಿಂತುಹೋಗಿತ್ತು. ಇವತ್ತು ಜೇಬು ಖಾಲಿ. ಆದರೆ ಕಾಲರಿನ ಕೊಳೆ ನೋಡಲೆಂದು ಶರ್ಟನ್ನು ಮುಖದ ಹತ್ತಿರ ತಂದಾಗ ವಾಸನೆ ಬಡಿಯಿತು, ಬಡಿದ ಕ್ಷಣವೇ ಅವಳ ಮೈ ಹಗುರಾಯಿತು. ಬಂದರಲ್ಲ, ಎಂದುಕೊಂಡಳು. ಯಾರು ಬಂದದ್ದು ಎಂದು ತನ್ನನ್ನು ತಾನು ಕೇಳಿಕೊಳ್ಳಲಿಕ್ಕೂ ಹೋಗದೆ ಕಣ್ಣು ಮುಚ್ಚಿ, ಬಟ್ಟೆಯಲ್ಲಿ ಮೂಗು ಹುದುಗಿಸಿ, ಬಚ್ಚಲ ಗೋಡೆಗೆ ಒರಗಿ ನಿಂತಳು. ಬಕೆಟ್ಟು ತುಂಬಿ ನೀರು ಪಾದದ ಮೇಲೆ ಹರಿದಾಗಲೇ ಎಚ್ಚರವಾದದ್ದು. ಗಂಡ ಹೋಗಿ ಹದಿಮೂರು ವರ್ಷವಾಯಿತು. ಇದು ಮಗಳ ಶರ್ಟು. ಇದು ಸಿಗರೇಟಿನ ವಾಸನೆ. ಬರೇ ಪಕ್ಕದಲ್ಲಿ ಯಾರೋ ಸೇದಿದರೆ ಅಂಟುವ ವಾಸನೆ ಯಾವುದು, ಸೇದಿದವರ ಬಟ್ಟೆಯಿಂದಲೇ ಬರುವ ವಾಸನೆ ಯಾವುದು ಎಂಬುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಎದೆ ಧಸಕ್ಕೆಂದಿತು. ಆದರೆ ಧಸಕ್ಕೆಂದದ್ದು ಆಮೇಲೆ, ಸಂತೋಷ ಮೊದಲು. ಈ ಹಿಂದುಮುಂದೇ ಅವಳನ್ನು ಆ ದಿನವೆಲ್ಲ ಕಾಡಿತು.

ಶರ್ಟನ್ನು ನೆನೆಹಾಕಲಿಲ್ಲ. ಕದ್ದವಳು ತಾನೇ ಎಂಬಂತೆ ಮತ್ತೆ ಕೊಳೆಬಟ್ಟೆಯ ರಾಶಿಯ ಅಡಿಗೆ ತುರುಕಿ, ಕೈ ತೊಳೆದುಕೊಂಡು ಅಡುಗೆಮನೆಗೆ ಬಂದಳು. ಮಗಳು ಎದ್ದು ಬಂದು ಟೀ ಲೋಟ ಹಿಡಿದು ಕಿಟಕಿಯ ಬಳಿ ಕೂತಿದ್ದಳು. ನಾಟಕ ಮಂದಿರವೊಂದರಲ್ಲಿ ರಂಗದ ದೀಪಗಳನ್ನು ನೋಡಿಕೊಳ್ಳುವ ಕೆಲಸ ಅವಳದು. ಸಂಜೆಗಳೆಲ್ಲ ಅಲ್ಲೇ ಕಳೆಯುತ್ತವೆ, ಆದ್ದರಿಂದ ಬೆಳಿಗ್ಗೆ ಮುಖದಲ್ಲಿ ಸದಾ ಅರ್ಧ ನಿದ್ದೆ. ಇಪ್ಪತ್ತೆರಡರ ಹುಡುಗಿ, ಅಪ್ಪನ ಹುಬ್ಬು, ಅಪ್ಪನ ಸೋಮಾರಿ ನಗು. ಅವಳ ಬೆರಳುಗಳನ್ನು ನೋಡಬಾರದು ಎಂದು ತೀರ್ಮಾನಿಸಿಕೊಂಡೇ ತಾಯಿ ಬೆರಳುಗಳನ್ನೇ ನೋಡಿದಳು. ಕೇಳಬೇಕು. ಈಗಲೇ ಕೇಳಿಬಿಡಬೇಕು. ಬಾಯಿ ತೆರೆದಳು, ಬಂದದ್ದು, ಮಧ್ಯಾಹ್ನ ಊಟಕ್ಕೆ ಮನೆಯಲ್ಲೇ ಇರುತ್ತೀಯಾ ಎಂಬ ಮಾತು. ಇವತ್ತು ಮಂದಿರಕ್ಕೆ ರಜ, ಇಡೀ ದಿನ ಇಲ್ಲೇ ಬಿದ್ದಿರುತ್ತೇನೆ ಎಂದು ಮಗಳು ಹೇಳಿ, ಇವತ್ತು ಯಾರ ಸರದಿ ಎಂದು ವಿಚಾರಿಸಿದಳು. ಸಿಗರೇಟು ಫ್ಯಾಕ್ಟರಿ ಇರುವ ಕ್ಷೇತ್ರದ ಶಾಸಕರು ಎಂದಾಗ ಸಿಳ್ಳೆ ಹೊಡೆದು, "ಕಷ್ಟದ ಗಿರಾಕಿ. ಕೊನೆಗೆ ನೀರು ಕೇಳಿದ್ದನ್ನ ಮಾತ್ರ ನಿಧಾನಕ್ಕೆ ಹೇಳು, ಅಲ್ಲಿ ಓಡ್ತೀಯ ನೀನು" ಎಂದಳು. ಅದು ತಮಾಷೆ ಎಂದು ಇಬ್ಬರಿಗೂ ಗೊತ್ತಿತ್ತು, ಆದರೂ ತಾಯಿಗೆ ನಗು ಬರಲಿಲ್ಲ.

ನೀರು ಕೇಳಿದ್ದು ಎಂದರೆ ಗಂಡ ಕೊನೆಯ ರಾತ್ರಿ ನೀರು ಕೇಳಿ, ಅದನ್ನು ನುಂಗಲಾಗದೆ ಮಗಳ ಕಡೆ ನೋಡಿದ್ದು. ಅವಳ ಕಥೆ ಮುಗಿಯುವುದು ಅಲ್ಲಿಗೆ. ಶಾಲೆಗಳಲ್ಲಿ ಐದನೇ ತರಗತಿಯಿಂದಲೇ ತಂಬಾಕಿನ ಕೆಡುಕಿನ ಬಗ್ಗೆ ಪಾಠ ಕಡ್ಡಾಯ ಮಾಡಬೇಕೆಂದು ಶಾಸಕರ ಬಾಗಿಲು ತಟ್ಟುವ ಸಂಘವೊಂದಿದೆ. ಅದರ ಕಾರ್ಯದರ್ಶಿ ಕನ್ನಡಕ ರಿಪೇರಿಗೆಂದು ಅವಳು ಕೆಲಸ ಮಾಡುವ ಅಂಗಡಿಗೆ ಬಂದಿದ್ದಾಗ ಮಾತಿಗೆ ಮಾತು ಬೆಳೆದು, ಅವಳು ತನ್ನ ಗಂಡನ ವಿಷಯ ಹೇಳಿ ಅತ್ತುಬಿಟ್ಟಿದ್ದಳು. ಆತ ಕರವಸ್ತ್ರ ಕೊಟ್ಟು, ಇದನ್ನೇ ದೊಡ್ಡವರ ಮುಂದೆ ಹೇಳುತ್ತೀರಾ ಎಂದು ಕೇಳಿದ್ದ. ಹಾಗೆ ಶುರುವಾಯಿತು. ಸಂಘದ ಭೇಟಿಗೊಂದು ಕ್ರಮವುಂಟು: ಮೊದಲು ಕಾರ್ಯದರ್ಶಿ ಅಂಕಿಸಂಖ್ಯೆ ಹೇಳುತ್ತಾನೆ, ಆಮೇಲೆ ಪಾಠದ ಕರಡು ತೋರಿಸುತ್ತಾನೆ, ಕೊನೆಗೆ "ಈಗ ಒಂದು ಅನುಭವ" ಎಂದು ಅವಳ ಕಡೆ ಕೈ ಚಾಚುತ್ತಾನೆ. ಕ್ರಮೇಣ ಅವಳ ಹೆಸರೇ ಅನುಭವವಾಯಿತು. ಅನುಭವದವರು ಬಂದರಾ, ಅನುಭವದವರಿಗೆ ಟೀ ಕೊಟ್ಟಿರಾ. ಕಥೆಯನ್ನು ಆತ ತುಂಬ ಶ್ರದ್ಧೆಯಿಂದ ತಿದ್ದಿಕೊಟ್ಟ. ಆಸ್ಪತ್ರೆಯವರ ಬಗ್ಗೆ ದೂರು ಬೇಡ, ನೆಂಟರ ಸುದ್ದಿ ಬೇಡ, ಗಂಡ ತಮಾಷೆಯ ಮನುಷ್ಯ ಎಂಬುದು ಬೇಡವೇ ಬೇಡ, ಕೇಳುವವರು ಸಡಿಲವಾಗಿಬಿಡುತ್ತಾರೆ. ಅಳು ಬರುವ ಸ್ವಲ್ಪ ಮುಂಚೆ ನಿಲ್ಲಿಸಬೇಕು. ಮಿಕ್ಕದ್ದನ್ನು ಅವರೇ ಅತ್ತುಕೊಳ್ಳುತ್ತಾರೆ. ಅವಳು ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಬಾಯಿಪಾಠ ಮಾಡಿದಳು. ಪಕ್ಕದ ಕೋಣೆಯಲ್ಲಿ ಮಗಳು ಆಗ ಪರೀಕ್ಷೆಗೆ ಓದುತ್ತಿದ್ದಳು, ನಡುವಿನ ಗೋಡೆ ಬರೀ ಹಲಗೆಯದು.

ಕಾರ್ಯದರ್ಶಿ ಬಂದಾಗ ಅವಳು ಬೀದಿಯ ತಿರುವಿನಲ್ಲಿ ನಿಂತಿದ್ದಳು. ಕಾರಿನಲ್ಲಿ ಆತ ದಾರಿಯುದ್ದಕ್ಕೂ ಒಂದೇ ಸಮನೆ ಮಾತಾಡಿದ. ಪಾಠದ ಮಸೂದೆ ಈಗ ವಿಧಾನಸಭೆಯ ಸಮಿತಿಯ ಮುಂದಿದೆ, ಪರ ಎಷ್ಟೋ ವಿರೋಧ ಅಷ್ಟೇ, ಈ ಒಬ್ಬ ಶಾಸಕರು ಯಾವ ಕಡೆ ವಾಲುತ್ತಾರೋ ಆ ಕಡೆ. ಇವರು ಕೈಕೊಟ್ಟರೆ ಇನ್ನು ಈ ಸಭೆಯ ಅವಧಿ ಮುಗಿಯುವ ತನಕ ಇದನ್ನು ಯಾರೂ ಮೂಸಿಯೂ ನೋಡುವುದಿಲ್ಲ. ಅಷ್ಟರಲ್ಲಿ ಎಷ್ಟು ಮಕ್ಕಳು ಶಾಲೆಯ ಹಿಂದಿನ ಗೋಡೆಯ ಮರೆಯಲ್ಲಿ ಮೊದಲ ದಮ್ಮು ಎಳೆದಿರುತ್ತಾರೋ. ಆತ ಒಳ್ಳೆಯ ಮನುಷ್ಯ, ಸಂಬಳವಿಲ್ಲದೆ ಚಪ್ಪಲಿ ಸವೆಸುತ್ತಿದ್ದಾನೆ, ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಶಾಲೆಯ ಹಿಂದಿನ ಗೋಡೆ. ಮಗಳು ಎಲ್ಲಿ ಶುರು ಮಾಡಿರಬಹುದು? ಅಲ್ಲ, ಶುರು ಅದಕ್ಕೂ ಎಷ್ಟೋ ಮೊದಲು, ತಮ್ಮದೇ ಮನೆಯ ಹೊರಗಿನ ಮೆಟ್ಟಿಲ ಮೇಲೆ. ಸಂಜೆ ಕೆಲಸದಿಂದ ಬಂದು ಗಂಡ ಅಲ್ಲಿ ಕೂರುತ್ತಿದ್ದ. ಮನೆ ಮನೆಗೆ ಹೋಗಿ ವಿದ್ಯುತ್ ಮೀಟರ್ ಓದುವ ನೌಕರಿ, ಕಾಲು ನೀಡಿ ಕೂತರೆ ಸಾಕು ಎನ್ನುವಷ್ಟು ದಣಿವು. ಮಗು ಓಡಿ ಬಂದು ತೊಡೆ ಏರುತ್ತಿತ್ತು. ಆತ ಕಡ್ಡಿ ಗೀರುವುದು, ಸಿಗರೇಟು ಹೊತ್ತಿಸಿಕೊಳ್ಳುವುದು, ಕಡ್ಡಿಯನ್ನು ಮಗುವಿನ ಬಾಯಿಯ ಮುಂದೆ ಹಿಡಿಯುವುದು. ಮಗು ಕೆನ್ನೆ ಉಬ್ಬಿಸಿ ಊದಿ ಆರಿಸುವುದು. ಅದು ಅವಳ ಕೆಲಸ. ಅವಳಲ್ಲದೆ ಬೇರೆ ಯಾರಾದರೂ ಆರಿಸಿದರೆ ಮನೆಯ ಸೂರು ಹಾರಿಹೋಗುವ ಹಾಗೆ ಅಳುತ್ತಿದ್ದಳು. ತಾಯಿ ನಗುತ್ತಿದ್ದಳು, ಬಂದವರನ್ನು ಕರೆದು, ನೋಡಿ ಇವಳ ದೌಲತ್ತು ಎಂದು ತೋರಿಸುತ್ತಿದ್ದಳು. ಆಮೇಲೆ ಮೂವರೂ ಅದೇ ಮೆಟ್ಟಿಲ ಮೇಲೆ ಕತ್ತಲಾಗುವ ತನಕ ಕೂತಿರುತ್ತಿದ್ದರು. ಹೊಗೆ ತಾಯಿಯ ಕೂದಲಿಗೆ ಹತ್ತುತ್ತಿತ್ತು, ಅದು ಬೇಡವೆಂದು ಅವಳಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಇದನ್ನು ಕಾರ್ಯದರ್ಶಿಗೆ ಅವಳು ಯಾವತ್ತೂ ಹೇಳಿದವಳಲ್ಲ.

ಶಾಸಕರ ಭವನದ ಬಾಗಿಲಲ್ಲಿ ಪಾಸು ಬರೆಯುವವನು ತಲೆ ಎತ್ತದೆ, ಇವರು ಯಾರು ಎಂದು ಕೇಳಿದ. ಅನುಭವ, ಎಂದ ಕಾರ್ಯದರ್ಶಿ, ಅಭ್ಯಾಸಬಲದಿಂದ. ಯಾವುದರಲ್ಲಿ ಎಂದು ಆತ ಕೇಳಿದ. ಪಕ್ಕದಲ್ಲಿದ್ದ ಇನ್ನೊಬ್ಬ ಕಿಸಕ್ಕೆಂದ. ಅವಳು ಕೊರಳಿಗೆ ಪಾಸು ತೂಗುಹಾಕಿಕೊಂಡು, ಆ ನಗು ತನಗಲ್ಲ ಎಂಬಂತೆ ಮುಂದೆ ನಡೆದಳು. ಕಾಯುವ ಕೋಣೆಯಲ್ಲಿ ಕುರ್ಚಿಗಳೆಲ್ಲ ಒಂದಕ್ಕೊಂದು ಬೆಸೆದಿದ್ದವು. ಒಬ್ಬ ಕಾಲು ಅಲುಗಿಸಿದರೆ ಸಾಲೆಲ್ಲ ಅಲುಗುತ್ತಿತ್ತು. ಒಬ್ಬ ಮುದುಕ ತನ್ನ ಬೀದಿಗೆ ದೀಪ ಹಾಕಿಸಿಕೊಡಿ ಎನ್ನಲು ಬಂದಿದ್ದ. ಒಬ್ಬ ಹೆಂಗಸು ತಮ್ಮನ ವರ್ಗಾವಣೆಗೆ ಬಂದಿದ್ದಳು. ಎಲ್ಲರ ಕೈಯಲ್ಲೂ ಅವರವರ ಕಷ್ಟ ಇತ್ತು, ಎಲ್ಲರೂ ಒಳಗೆ ಹೇಳಬೇಕಾದ ಮಾತನ್ನು ತುಟಿಯಲ್ಲೇ ಹೊರಳಿಸುತ್ತಿದ್ದರು. ಅವಳೂ ತನ್ನದನ್ನು ಹೊರಳಿಸಿ ನೋಡಿಕೊಂಡಳು. ನನ್ನ ಗಂಡನಿಗೆ ನಲವತ್ತೊಂದು ವರ್ಷ. ಮಗಳಿಗೆ ಒಂಬತ್ತು. ಸರಾಗವಾಗಿ ಬರುತ್ತಿತ್ತು, ಎಲ್ಲೂ ತೊಡರಲಿಲ್ಲ. ಎಷ್ಟು ಸರಾಗವೆಂದರೆ ಅದು ಯಾರ ಗಂಡನೆಂದು ಅವಳಿಗೇ ಅನುಮಾನವಾಯಿತು. ಕಣ್ಣು ಮುಚ್ಚಿ ಆತನ ಮುಖ ನೆನೆಯಲು ನೋಡಿದಳು. ಆಸ್ಪತ್ರೆಯ ದಿಂಬಿನ ಮೇಲಿನ ಮುಖ ಬಂತು, ಕೆನ್ನೆ ಒಳಸೇರಿದ್ದು. ಅದರ ಹಿಂದಿನ ಮುಖಕ್ಕಾಗಿ ತಡಕಿದಳು. ಮತ್ತೆ ಅದೇ ದಿಂಬು. ಹಾಗಾದರೆ ಬೆಳಿಗ್ಗೆ ಬಚ್ಚಲಲ್ಲಿ ಬಂದದ್ದು ಯಾರು? ಅದು ಕಾಯಿಲೆಯ ಮನುಷ್ಯನಾಗಿರಲಿಲ್ಲ. ಕೆಲಸ ಮುಗಿಸಿ ಬಂದು ಮೆಟ್ಟಿಲ ಮೇಲೆ ಕಾಲು ಚಾಚಿದವನು, ಟೀ ಎಲ್ಲೇ ಎಂದು ಕೂಗುವವನು. ಅವನನ್ನು ನೋಡದೆ ಎಷ್ಟು ಕಾಲವಾಯಿತು ಎಂದು ಯೋಚಿಸುತ್ತಿರುವಾಗಲೇ ಒಳಗಿನಿಂದ ಕರೆ ಬಂತು.

ಶಾಸಕರು ಕಿತ್ತಳೆ ಬಿಡಿಸುತ್ತಿದ್ದರು. ದಪ್ಪ ಕೈಯ, ನಿಧಾನ ಮಾತಿನ ಮನುಷ್ಯ. ಬಿಡಿಸಿದ ತೊಳೆಗಳ ನಾರು ತೆಗೆದು ತಟ್ಟೆಯಲ್ಲಿ ಸಾಲಾಗಿ ಇಡುತ್ತಿದ್ದರೇ ಹೊರತು ತಿನ್ನುತ್ತಿರಲಿಲ್ಲ. ಅಂಕಿಸಂಖ್ಯೆ ಕೇಳಿ ತಲೆಯಾಡಿಸಿದರು, ಕರಡಿನ ಹಾಳೆ ಮಗುಚಿ ನೋಡಿ ಪಕ್ಕಕ್ಕಿಟ್ಟರು. ಈಗ ಒಂದು ಅನುಭವ, ಎಂದ ಕಾರ್ಯದರ್ಶಿ. ಅವಳು ಹೇಳಿದಳು. ತನ್ನ ದನಿ ತನಗೇ ಪಕ್ಕದ ಕೋಣೆಯಿಂದ ಬಂದಂತೆ ಕೇಳಿಸುತ್ತಿತ್ತು, ಹಲಗೆಯ ಆಚೆಯಿಂದ. ಕೆಮ್ಮು ಶುರುವಾದದ್ದು, ಹವಾಮಾನದ್ದು ಎಂದು ತಳ್ಳಿಹಾಕಿದ್ದು, ಡಾಕ್ಟರು ಬೆಳಕಿಗೆ ಹಿಡಿದು ತೋರಿಸಿದ ಎಕ್ಸ್‌ರೇ, ಮಗಳ ಯೂನಿಫಾರ್ಮು ಇಸ್ತ್ರಿಯಾಗದೆ ಉಳಿದ ದಿನಗಳು. ನೀರು ಕೇಳಿದ್ದನ್ನು ನಿಧಾನವಾಗಿಯೇ ಹೇಳಿದಳು, ಮಗಳ ಸಲಹೆಯಂತೆ. ಅಳುವಿಗೆ ಸ್ವಲ್ಪ ಮುಂಚೆ ನಿಲ್ಲಿಸಿದಳು. ಶಾಸಕರು ಕೈ ಒರೆಸಿಕೊಂಡು, ಬಹಳ ಸಂಕಟದ ವಿಷಯ ಎಂದರು, ನಿಜವಾಗಿಯೇ ಅಂದರು. ಆದರೆ ತಮ್ಮ ಕಡೆಯ ಸಂಗತಿ ಬೇರೆ ಎಂದು ವಿವರಿಸತೊಡಗಿದರು. ಅರ್ಧಕ್ಕರ್ಧ ಮನೆಗಳ ಒಲೆ ಉರಿಯುವುದು ಆ ಫ್ಯಾಕ್ಟರಿಯಿಂದ. ಪ್ಯಾಕಿಂಗ್ ವಿಭಾಗದಲ್ಲಿರುವ ತಾಯಿಯ ಮಗು ಶಾಲೆಯಲ್ಲಿ ಈ ಪಾಠ ಕೇಳಿ ಮನೆಗೆ ಬಂದು, ಅಮ್ಮಾ ನೀನು ವಿಷ ಕಟ್ಟುತ್ತೀಯಾ ಎಂದು ಕೇಳಿದರೆ ಆ ತಾಯಿ ಏನು ಹೇಳಬೇಕು? ಕಾರ್ಯದರ್ಶಿ ಕುರ್ಚಿಯಲ್ಲಿ ಸರಿದಾಡಿದ. ಈ ಪ್ರಶ್ನೆಗೆ ಉತ್ತರ ಅವನ ಕರಡಿನಲ್ಲಿರಲಿಲ್ಲ, ಅವಳಿಗೂ ಅದು ನ್ಯಾಯವಾದ ಪ್ರಶ್ನೆ ಅನ್ನಿಸಿತು.

ಶಾಸಕರು ಈಗ ಅವಳ ಕಡೆ ತಿರುಗಿದರು. ದನಿಯಲ್ಲಿ ಕುಹಕ ಇರಲಿಲ್ಲ. "ನೋಡಿ ತಾಯಿ, ಇಂಥದ್ದನ್ನ ಮನೇಲಿ ಹೇಳ್ಬೇಕು. ಮೇಷ್ಟ್ರ ಬಾಯಲ್ಲಿ ಯಾಕೆ ಹೇಳಿಸ್ಬೇಕು? ಈಗ ನಿಮ್ಮ ಮಗಳನ್ನೇ ತಗೊಳ್ಳಿ. ನೀವು ಹೇಳಿ ಬೆಳೆಸಿದೀರಿ. ಅವಳು ಮುಟ್ತಾಳಾ? ಮುಟ್ಟಲ್ಲ. ಮನೆ ಪಾಠವೇ ಸಾಕಾಯ್ತಲ್ಲ?"

ಖಂಡಿತ ಮುಟ್ಟೋದಿಲ್ಲ ಸಾರ್, ಎಂದು ಕಾರ್ಯದರ್ಶಿ ಅವಳ ಪರವಾಗಿ ಹೇಳಿಬಿಟ್ಟ. ಹೇಳಿದ ಮೇಲೆ ಅದು ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡಂತಾಯಿತು ಎಂದು ಹೊಳೆದು ನಾಲಗೆ ಕಚ್ಚಿಕೊಂಡ. ಅವಳಿಗೆ ಎರಡು ದಾರಿ ಇತ್ತು. ಸುಮ್ಮನಿದ್ದರೆ ಮಗಳು ಒಳ್ಳೆಯ ಮಗಳಾಗಿ ಉಳಿಯುತ್ತಾಳೆ, ಶಾಸಕರು ತಮ್ಮ ಮಾತೇ ಸರಿಯೆಂದು ಎದ್ದು ಹೋಗುತ್ತಾರೆ, ಮಸೂದೆ ಮಣ್ಣುಪಾಲು. ಬಾಯಿ ಬಿಟ್ಟರೆ? ಮಗಳೊಂದಿಗೇ ಇನ್ನೂ ಆಡದ ಮಾತು. ಶರ್ಟು ಇನ್ನೂ ಬಟ್ಟೆಯ ರಾಶಿಯ ಅಡಿಯಲ್ಲಿದೆ. ತಾನು ಅಷ್ಟೊಂದು ಯೋಚಿಸಿದೆನೆಂದು ಆಮೇಲೆ ಅವಳಿಗೆ ಅನ್ನಿಸಿತು. ಆ ಹೊತ್ತಿಗೆ ಯೋಚಿಸಿದ್ದಳೋ ಇಲ್ಲವೋ. ಬಾಯಿ ತಾನಾಗಿ ತೆರೆದಿತ್ತು.

"ಸೇದ್ತಾಳೆ ಸಾರ್," ಎಂದಳು. "ಇವತ್ತು ಬೆಳಿಗ್ಗೆ ಗೊತ್ತಾಯ್ತು. ನನ್ನಷ್ಟು ಹೇಳಿದೋರು ಈ ಊರಲ್ಲಿ ಯಾರೂ ಇಲ್ಲ. ಸಾಲಲಿಲ್ಲ."

ಶಾಸಕರು ಅವಳನ್ನು ಬಹಳ ಹೊತ್ತು ನೋಡಿದರು. ಈ ತನಕ ಅವರು ನೋಡಿದ್ದು ಕಥೆಯನ್ನು, ಈಗ ನೋಡಿದ್ದು ಅವಳನ್ನು. ಆಮೇಲೆ ತಟ್ಟೆಯನ್ನು ಅವಳ ಕಡೆ ತಳ್ಳಿ, ತಗೊಳ್ಳಿ ಎಂದರು. ಅವಳು ಒಂದು ತೊಳೆ ಬಾಯಿಗೆ ಹಾಕಿಕೊಂಡಳು. ಹುಳಿಯಿತ್ತು. ಅವಳು ನುಂಗುವ ತನಕ ಕಾದು ಅವರು, ಪ್ಯಾಕಿಂಗ್ ತಾಯಂದಿರ ಮಕ್ಕಳಿಗೆ ನೋವಾಗದ ಹಾಗೆ ಪಾಠದ ಮಾತುಗಳನ್ನು ತಿದ್ದಿ ತನ್ನಿ, ತಿದ್ದಿದರೆ ಸಮಿತಿಯಲ್ಲಿ ನಾನು ನಿಮ್ಮ ಕಡೆ ಎಂದು ಕಾರ್ಯದರ್ಶಿಗೆ ಹೇಳಿದರು. ಅವಳನ್ನು ಬಾಗಿಲ ತನಕ ಬಂದು ಬೀಳ್ಕೊಟ್ಟರು.

ಕಾರಿನಲ್ಲಿ ಕಾರ್ಯದರ್ಶಿಗೆ ಹಿಗ್ಗು ತಡೆಯಲಾಗುತ್ತಿರಲಿಲ್ಲ. ಎಂಥ ಹೊಡೆತ ಮೇಡಂ, ಎಂದ. ನನಗೇ ಒಂದು ಮಾತು ಮೊದಲೇ ಹೇಳಬಾರದಿತ್ತೇ, ಎಂದ. ನಂತರ ದನಿ ತಗ್ಗಿಸಿ, ಮಗಳ ವಿಷಯಕ್ಕೆ ಬೇಜಾರಾಯಿತು, ಈ ವಯಸ್ಸಿನಲ್ಲಿ ಬಿಡಿಸಬಹುದು, ನನಗೆ ಗೊತ್ತಿರುವ ಡಾಕ್ಟರಿದ್ದಾರೆ ಎಂದ. ಅದೂ ಮನಸ್ಸಿನಿಂದಲೇ ಬಂದ ಮಾತು. ಆದರೆ ಮುಂದಿನ ತಿರುವು ಬರುವಷ್ಟರಲ್ಲಿ ಅವನ ತಲೆ ಮತ್ತೆ ಕೆಲಸಕ್ಕೆ ಇಳಿದಿತ್ತು. ಸೋಮವಾರ ಸಮಿತಿಯ ಅಧ್ಯಕ್ಷರ ಭೇಟಿ ಇದೆ. ನೀರು ಕೇಳಿದ್ದನ್ನು ಇನ್ನು ಮೇಲೆ ನಡುವಿಗೆ ತರೋಣ, ಕೊನೆಗೆ ಇದನ್ನು ಇಡೋಣ. ನನ್ನಷ್ಟು ಹೇಳಿದೋರು ಯಾರೂ ಇಲ್ಲ, ಸಾಲಲಿಲ್ಲ. ಆ ಸಾಲಲಿಲ್ಲ ಎಂಬಲ್ಲಿ ಹಾಗೇ ನಿಲ್ಲಿಸಿಬಿಡಿ. ಹೂಂ, ಎಂದಳು ಅವಳು. ಯಾವತ್ತೂ ಹೂಂ ಅಂದೇ ಅಭ್ಯಾಸ. ಅಂದಮೇಲೆ ಗಂಟಲಲ್ಲಿ ಕಿತ್ತಳೆಯ ಹುಳಿ ಮತ್ತೆ ಏರಿತು. ಮಗಳಿಗೆ ಅವಳಪ್ಪನ ಪಕ್ಕದಲ್ಲೇ ಒಂದು ಜಾಗ ಸಿಕ್ಕಿತ್ತು, ಕಥೆಯ ಒಳಗೆ. ಆತನಿಗಾದರೂ ಸತ್ತ ಮೇಲೆ ಸಿಕ್ಕಿದ್ದು. ಕಾರ್ಯದರ್ಶಿ ತನಗೆ ಇನ್ನೊಂದು ಕಡೆ ಹೋಗುವುದಿದೆಯೆಂದು ಅವಳನ್ನು ಅರ್ಧ ದಾರಿಯ ಬಸ್ ನಿಲ್ದಾಣದಲ್ಲೇ ಇಳಿಸಿದ. ಮಧ್ಯಾಹ್ನವೆಲ್ಲ ಅಂಗಡಿಯಲ್ಲಿ ಅವಳು ಗಿರಾಕಿಗಳ ಕಣ್ಣ ಮುಂದೆ ಗಾಜು ಬದಲಿಸುತ್ತ, ಇದು ಚೆನ್ನಾಗಿ ಕಾಣುತ್ತದೋ ಅದು ಚೆನ್ನಾಗಿ ಕಾಣುತ್ತದೋ ಎಂದು ಕೇಳುತ್ತ ಕಳೆದಳು. ಒಬ್ಬ ಅಜ್ಜಿ, ಎರಡೂ ಒಂದೇ ಥರ ಇದೆಯಮ್ಮ, ನಿನಗೆ ಯಾವುದು ಸರಿಯೋ ಅದನ್ನೇ ಹಾಕು ಎಂದು ಬೇಸತ್ತು ಹೇಳಿದಳು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಮಗಳು ತಾನಾಗಿ ಬಟ್ಟೆಯೆಲ್ಲ ಒಗೆದು ಹಗ್ಗದ ಮೇಲೆ ಹರವಿದ್ದಳು, ಆ ಶರ್ಟೂ ಅದರಲ್ಲಿ ಸೇರಿತ್ತು. ಗಿರಾಕಿ ಬಿದ್ದನಾ, ಎಂದು ಕೇಳಿದಳು. ಬಿದ್ದರು, ಎಂದಳು ತಾಯಿ. ಚೀಲ ಕೆಳಗಿಡಲೂ ಇಲ್ಲ, ಕೂರಲೂ ಇಲ್ಲ. ಈಗ ಹೇಳದಿದ್ದರೆ ಸೋಮವಾರ ಬಂದುಬಿಡುತ್ತದೆ. ಶರ್ಟಿನ ವಾಸನೆ ನೋಡಿದ್ದನ್ನು ಹೇಳಿದಳು, ಶಾಸಕರು ಕೇಳಿದ್ದನ್ನು ಹೇಳಿದಳು, ತಾನು ಕೊಟ್ಟ ಉತ್ತರವನ್ನು ಅದೇ ಮಾತುಗಳಲ್ಲಿ ಹೇಳಿದಳು. ಮಗಳ ಮುಖದಿಂದ ನಗು ಇಳಿಯಿತು. ಅವಳು ಸುಳ್ಳು ಹೇಳಲಿಲ್ಲ, ರೇಗಲೂ ಇಲ್ಲ. ಬಟ್ಟೆಗೆ ಹಾಕುವ ಕ್ಲಿಪ್ಪೊಂದನ್ನು ಒತ್ತುತ್ತ ಬಿಡುತ್ತ ನಿಂತಳು. ಕಡೆಗೆ, "ಅವರಿಗೆ ಹೇಳೋಕೆ ಮುಂಚೆ ನನ್ನನ್ನೊಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿನಗೆ?" ಎಂದಳು.

ತಾಯಿ ಉತ್ತರ ಕೊಡಲು ಹೊರಟಳು. ನೋಡು ಮಗಳೇ, ಪ್ರತಿಯೊಂದು ಕುಟುಂಬದಲ್ಲೂ, ಎಂದು ಶುರುವಾಯಿತು. ಒಂದು ಜೀವ ಹೋದರೆ ಅದರ ಜೊತೆಗೆ, ಎಂದು ಮುಂದುವರಿಯಿತು. ಕೈ ತಾನಾಗಿ ಎದೆಯ ಮಟ್ಟಕ್ಕೆ ಎದ್ದಿತ್ತು, ದನಿ ತಾನಾಗಿ ತಗ್ಗಬೇಕಾದ ಕಡೆ ತಗ್ಗಿತ್ತು. ತನ್ನ ಹೊಟ್ಟೆಯೊಳಗಿನ ಭಯ ಎಲ್ಲೋ ಉಳಿದು, ಬಾಯಿಗೆ ಮಾತ್ರ ಸಂಘದ ಮಾತು ಬರುತ್ತಿತ್ತು. ಅದು ಅವಳಿಗೂ ಕೇಳಿಸುತ್ತಿತ್ತು, ಆದರೆ ನಿಲ್ಲಿಸುವುದು ಹೇಗೆಂದು ಗೊತ್ತಾಗಲಿಲ್ಲ.

"ಅಮ್ಮ," ಎಂದಳು ಮಗಳು, "ನಾನು ಶಾಸಕಿ ಅಲ್ಲ."

ತಾಯಿ ನಿಲ್ಲಿಸಿದಳು. ಚೀಲ ಕೆಳಗಿಟ್ಟಳು. ಒಗೆಯುವ ಕಲ್ಲಿನ ಮೇಲೆ ಕೂತಳು, ಅದು ಇನ್ನೂ ಒದ್ದೆಯಿತ್ತು. ಯಾವ ಸಿದ್ಧತೆಯೂ ಇಲ್ಲದ ಒಂದು ಮಾತು ಬಂತು, ಯಾವಾಗಿಂದ ಎಂದು. ಎರಡು ವರ್ಷದಿಂದ, ದಿನಾ ಅಲ್ಲ, ಎಂದಳು ಮಗಳು. ಮಂದಿರದಲ್ಲಿ ಯಾರೋ ಮೊದಲ ಸಲ ಹಚ್ಚಿದಾಗ ತಾನು ಹತ್ತಿರ ಹೋಗಿ ನಿಂತಿದ್ದು, ಆಮೇಲೆ ತಾನೇ ಕೇಳಿ ತೆಗೆದುಕೊಂಡಿದ್ದು. ಕೆಟ್ಟದ್ದು ಅಂತ ಗೊತ್ತಿಲ್ಲದೆ ಅಲ್ಲ. ಅದು ತನಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತಿದೆ. ಮಗಳು ಅವಳ ಎದುರಿಗೆ ನೆಲದ ಮೇಲೆಯೇ ಕುಕ್ಕರಿಸಿದಳು. ಹೇಳಬೇಕೋ ಬೇಡವೋ ಎಂದು ಇನ್ನೂ ಅನುಮಾನಿಸುತ್ತಿರುವುದು ಕಾಣುತ್ತಿತ್ತು.

"ನೀನು ಸಂಘಕ್ಕೆ ಹೋಗೋಕೆ ಶುರು ಮಾಡಿದ ಮೇಲೆ ನಮ್ಮನೇಲಿ ಅಪ್ಪ ಬರೀ ಸಾಯ್ತಾನೇ ಇದಾನೆ ಅಮ್ಮ," ಎಂದಳು. "ಗೋಡೆ ಆಚೆಯಿಂದ ದಿನಾ ಕೇಳ್ತಿದ್ದೆ. ನೀರು ಕೇಳ್ತಾನೆ, ಸಾಯ್ತಾನೆ. ಬದುಕಿದ್ದಾಗ ಹೇಗಿದ್ದ ಅನ್ನೋದು ನಂಗೆ ಮರೆತೇ ಹೋಗಿತ್ತು. ಅಲ್ಲಿ ಆ ವಾಸನೆ ಬಂದಾಗ ಒಂದು ಕ್ಷಣ ಪಕ್ಕದಲ್ಲೇ ಇದ್ದ."

ನಂಗೂ, ಎನ್ನಬೇಕೆಂದುಕೊಂಡಳು ತಾಯಿ, ಹಾಗೆಂದರೆ ಅದು ಒಪ್ಪಿಗೆಯಾದೀತೆಂದು ಹೆದರಿ ನುಂಗಿಕೊಂಡಳು. ಸೋಮವಾರ ನಾನು ಹೋಗುವುದಿಲ್ಲ, ಮಗಳೇ, ಇವತ್ತೇ ಫೋನ್ ಮಾಡಿ ಹೇಳಿಬಿಡುತ್ತೇನೆ ಎಂದಳು. ಮಗಳು ಬೇಡವೆಂದು ತಲೆಯಾಡಿಸಿದಳು.

"ಹೋಗು. ಪಾಠ ಬೇಕು, ನಂಗೂ ಬೇಕಿತ್ತು. ನಾನೂ ಬಿಡ್ತೀನಿ, ಬಿಡೋಕೆ ನೋಡ್ತೀನಿ, ಆಣೆ ಗೀಣೆ ಇಡಿಸ್ಬೇಡ. ಆದ್ರೆ ನನ್ನನ್ನ ಅಲ್ಲಿಗೆ ತಗೊಂಡು ಹೋಗ್ಬೇಡ. ಅಪ್ಪನ್ನೂ ಮನೇಲೇ ಬಿಟ್ಟು ಹೋಗು."

ಹಾಗಾದರೆ ಅಲ್ಲಿ ಹೋಗಿ ತಾನು ಹೇಳುವುದೇನು ಎಂದು ಅವಳಿಗೆ ತಿಳಿಯಲಿಲ್ಲ. ಏನಾದರೂ ಹೇಳಬಹುದು, ಪ್ಯಾಕಿಂಗ್ ತಾಯಂದಿರ ಬಗ್ಗೆ ಹೇಳಬಹುದು, ಅವರ ಮಕ್ಕಳ ಬಗ್ಗೆ ಹೇಳಬಹುದು. ಸೋಮವಾರಕ್ಕೆ ಇನ್ನೂ ಹೊತ್ತಿದೆ. ಈಗ ಎದುರಿಗೆ ಕೂತವಳಿಗೆ ಏನು ಕೊಡುವುದು? ಮಗಳು ಕೇಳಿದ್ದು ಬದುಕಿದ್ದ ಅಪ್ಪನನ್ನು. ಅವಳು ಹುಡುಕಿದಳು. ಆಸ್ಪತ್ರೆಯ ದಿಂಬು ಅಡ್ಡ ಬಂತು, ಅದನ್ನು ಸರಿಸಿದಳು. ಎಕ್ಸ್‌ರೇ ಹಿಡಿದ ಡಾಕ್ಟರು ಅಡ್ಡ ಬಂದ, ಅವನನ್ನೂ ಆಚೆಗೆ ಕಳಿಸಿದಳು. ಮಗಳು ಹುಟ್ಟುವ ಮೊದಲಿನ, ಮದುವೆಗೂ ಮೊದಲಿನ ಒಂದು ಮಧ್ಯಾಹ್ನ ಸಿಕ್ಕಿತು. ತವರಿನ ಬಾಗಿಲು, ಬಾಗಿಲಲ್ಲಿ ಹೆಗಲಿಗೆ ಚೀಲ ಹಾಕಿಕೊಂಡ ಸಣಕಲು ಯುವಕ, ಬೆವರಿದ ಹಣೆ. ಅವನ ಕೈಯಲ್ಲಿ ಪೆನ್ಸಿಲಿತ್ತು, ಬೇರೆ ಏನೂ ಇರಲಿಲ್ಲ. ಮುಖ ಸ್ಪಷ್ಟವಾಗಿ ಕಂಡಿತು. ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಕಣ್ಣೀರು ಬಂತು. ಅದನ್ನು ಎಲ್ಲಿ ನಿಲ್ಲಿಸಬೇಕೆಂದು ಯೋಚಿಸಲಿಲ್ಲ, ಸೆರಗು ಹುಡುಕದೆ ಅಂಗೈಯಲ್ಲೇ ಒರೆಸಿಕೊಂಡಳು.

"ನಿಮ್ಮಪ್ಪ ಒಂದೇ ತಿಂಗಳಲ್ಲಿ ನಮ್ಮನೆ ಮೀಟರನ್ನ ಮೂರು ಸಲ ಓದ್ಕೊಂಡು ಹೋಗಿದ್ರು, ಗೊತ್ತಾ ನಿಂಗೆ?"

ಮಗಳಿಗೆ ಗೊತ್ತಿರಲಿಲ್ಲ. ಅವಳು ಸ್ವಲ್ಪ ಹತ್ತಿರಕ್ಕೆ ಸರಿದು, ಗಲ್ಲವನ್ನು ತಾಯಿಯ ಮಂಡಿಯ ಮೇಲೆ ಊರಿ, ಯಾಕೆ ಎಂದು ಕೇಳಿದಳು.